ಹೊಲಿಗೆ ಕೋಣೆಗೆ ಗೊಬ್ಬರದ ಮೂಟೆ: ಕೇಳಿದ್ದು ಯಾರನ್ನು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ನಮ್ಮೂರ ಸಮುದಾಯ ಭವನದಲ್ಲಿ ಒಂದು ನಾಮಕರಣವಿತ್ತು. ಊಟ ಮುಗಿಸಿ ಕೈ ತೊಳೆಯಲು ಹಿಂಬದಿಗೆ ಹೋದಾಗ ಪಕ್ಕದ ಕೋಣೆಯಿಂದ ಗೊಬ್ಬರದ ಘಾಟು ಬಂತು. ಬಾಗಿಲು ಅರ್ಧ ತೆರೆದಿತ್ತು, ಇಣುಕಿದೆ. ಯೂರಿಯಾ, ಡಿಎಪಿ ಮೂಟೆಗಳನ್ನು ಕಿಟಕಿ ಮುಚ್ಚುವಷ್ಟು ಎತ್ತರಕ್ಕೆ ಒಟ್ಟಿದ್ದರು. ಅವುಗಳ ಹಿಂದೆ ಮೂಲೆಯಲ್ಲಿ ಹೊಲಿಗೆ ಯಂತ್ರಗಳನ್ನು ಒಂದರ ಮೇಲೊಂದು ಹೇರಿದ್ದರು. ಎಣಿಸಿದೆ. ಏಳು ಸಿಕ್ಕವು. ಅಲ್ಲಿ ಹನ್ನೆರಡು ಇರಬೇಕಿತ್ತು.

ಹನ್ನೆರಡೆಂದು ನನಗೆ ಗೊತ್ತು, ಏಕೆಂದರೆ ಆ ಯಂತ್ರಗಳ ಮೇಲೆ ಸಂಖ್ಯೆ ಬರೆದವಳು ನಾನೇ. ನಮ್ಮೂರ ಸ್ತ್ರೀಶಕ್ತಿ ಸಂಘಗಳ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಲೆಂದು ಅನುದಾನ ಮಂಜೂರಾಗಿ ಯಂತ್ರಗಳು ಟೆಂಪೋದಲ್ಲಿ ಬಂದಿಳಿದ ದಿನ ಭಾನುವಾರ. ಕಚೇರಿ ಕೆಲಸ ಬಲ್ಲವಳೆಂದು ನನ್ನನ್ನು ಕರೆದರು. ಬಿಳಿ ಪೇಂಟಿನ ಸಣ್ಣ ಡಬ್ಬಿ, ಒಂದು ಕುಂಚ ಹಿಡಿದು ಕೂತು ಪ್ರತಿ ಮೇಜಿನ ಅಂಚಿಗೂ ಇಲಾಖೆಯ ಹೆಸರು, ವರ್ಷ, ಒಂದರಿಂದ ಹನ್ನೆರಡರವರೆಗೆ ಕ್ರಮಸಂಖ್ಯೆ ಬರೆದೆ. ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು, 'ಹೊಸ ಮಿಷನ್ನು ಅಂದಗೆಡ್ತದಲ್ಲ ಅಕ್ಕ, ಯಾಕೆ ಬರೀಬೇಕು?' ಅಂದಳು. 'ಇದು ನಮ್ಮ ಕೈಲಿರುತ್ತೆ, ಆದ್ರೆ ನಮ್ಮದಲ್ಲ ಕಣವ್ವ' ಎಂದು ಹೇಳಿದ್ದು ಇವತ್ತಿಗೂ ನೆನಪಿದೆ.

ಕೋಣೆಯನ್ನು ಗೊಬ್ಬರದ ವ್ಯಾಪಾರಿಗೆ ಬಾಡಿಗೆಗೆ ಕೊಟ್ಟಿದ್ದಾರೆಂದು ಅವತ್ತೇ ತಿಳಿಯಿತು. ಭವನ ನೋಡಿಕೊಳ್ಳುವವರನ್ನು ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. 'ನಾಕ್ ವರ್ಸದಿಂದ ಬೀಗ ಬಿದ್ದಿತ್ತಲ್ಲಕ್ಕ, ಇಲಿ ಹೆಗ್ಗಣ ಸೇರ್ಕಂಡಿದ್ವು. ಸುಮ್ನೆ ಹಾಳಾಗೋ ಬದ್ಲು ನಾಕ್ ಕಾಸು ಬಾಡಿಗೆ ಬರ್ಲಿ ಅಂತ ಕೊಟ್ವಿ. ಅದ್ರಲ್ಲಿ ತಪ್ಪೇನದೆ?' ಅಂದರು.

ಈ ಪತ್ರ ಆ ಪ್ರಶ್ನೆಗೆ ಉತ್ತರ. ಅವರಿಗೊಬ್ಬರಿಗೇ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಮಂಡ್ಯ, ಮೈಸೂರು ಸೀಮೆಯ ಯಾವ ಊರಿಗೆ ಹೋದರೂ ಇಂಥ ಒಂದು ಕೋಣೆ, ಒಂದು ಭವನ, ಬೀಗ ಬಿದ್ದ ಒಂದು ಶಾಲೆ ಕಣ್ಣಿಗೆ ಬೀಳುತ್ತದೆ. ಅದಕ್ಕಾಗಿ ನಿಮಗೆ ಬರೆಯುತ್ತಿದ್ದೇನೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಕ್ಲರ್ಕ್ ಆಗಿ ಸೇರಿ, 29 ವರ್ಷ ದುಡಿದು, ಪ್ರಥಮ ದರ್ಜೆ ಸಹಾಯಕಿಯಾಗಿ ನಿವೃತ್ತಳಾದೆ. ಸಂಬಳದ ಬಿಲ್ಲು, ಸ್ಟಾಕ್ ರಿಜಿಸ್ಟರ್, ಯುಸಿ, ಆಡಿಟ್ ಪಾರ್ಟಿಗೆ ಉತ್ತರ, ಇವುಗಳಲ್ಲೇ ನನ್ನ ವರ್ಷಗಳು ಕಳೆದವು. ಯುಸಿ ಅಂದರೆ ಹಣ ಬಳಕೆ ಪ್ರಮಾಣಪತ್ರ: ಯಾವ ಕೆಲಸಕ್ಕೆಂದು ಹಣ ಕೊಟ್ಟಿರೋ ಅದೇ ಕೆಲಸಕ್ಕೆ ಖರ್ಚು ಮಾಡಿದ್ದೇವೆ ಎಂದು ಸಂಸ್ಥೆ ಸಹಿ ಹಾಕಿ ಕೊಡುವ ಮಾತು.

ಅನುದಾನ ಎಂಬ ಪದದೊಳಗೆ ದಾನ ಇದೆ. ಜನ ಎಡವುವುದು ಅಲ್ಲೇ ಅನ್ನಿಸುತ್ತದೆ. ದಾನ ಕೊಟ್ಟವರು ಏನು ಮಾಡಿದಿರಿ ಎಂದು ಮತ್ತೆ ಕೇಳಬಾರದು. ಅನುದಾನ ಹಾಗಲ್ಲ. ಅದು ಒಂದು ಉದ್ದೇಶಕ್ಕೆ ಕಟ್ಟಿಟ್ಟ ಹಣ. ಆ ಹಣದಿಂದ ಬಂದ ಮೇಜು, ಕಂಪ್ಯೂಟರು, ಕಟ್ಟಡ ಎಲ್ಲವೂ ಆ ಉದ್ದೇಶಕ್ಕೆ ಕಟ್ಟುಬಿದ್ದಿರುತ್ತವೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 230ನೇ ನಿಯಮ ಇದನ್ನು ನೇರವಾಗಿ ಹೇಳುತ್ತದೆ: ಪೂರ್ತಿಯಾಗಿಯೋ ಬಹುಪಾಲೋ ಅನುದಾನದಿಂದ ಗಳಿಸಿದ ಆಸ್ತಿಯನ್ನು, ನಿರುಪಯುಕ್ತವೆಂದು ಕ್ರಮಬದ್ಧವಾಗಿ ತೀರ್ಮಾನಿಸಿದ್ದನ್ನು ಬಿಟ್ಟರೆ, ಅನುದಾನ ಮಂಜೂರು ಮಾಡಿದವರ ಮುಂಗಡ ಒಪ್ಪಿಗೆಯಿಲ್ಲದೆ ವಿಲೇವಾರಿ ಮಾಡುವಂತಿಲ್ಲ. ಅಂಥ ಆಸ್ತಿಗೆ ಪ್ರತ್ಯೇಕ ರಿಜಿಸ್ಟರ್ ಇಡಬೇಕು. ಹಣಕಾಸು ವರ್ಷ ಮುಗಿದು ಹನ್ನೆರಡು ತಿಂಗಳೊಳಗೆ ಯುಸಿ ಕೊಡಬೇಕು. ಮಂಜೂರು ಮಾಡಿದವರು, ಮಹಾಲೇಖಪಾಲರ ಕಡೆಯವರು ಬಂದು ಕೇಳಿದರೆ ಪುಸ್ತಕ ತೆಗೆದು ತೋರಿಸಬೇಕು.

ಇದು ಕೇಂದ್ರದ ಹಣದ ಮಾತು. ರಾಜ್ಯದ ಇಲಾಖೆಗಳಿಂದ ಬರುವ ಹಣಕ್ಕೆ ಷರತ್ತು ಇರುವುದು ಮಂಜೂರಾತಿ ಆದೇಶದಲ್ಲಿ. ನನ್ನ ಕೈಯಿಂದ ಹಾದುಹೋದ ಆದೇಶಗಳಲ್ಲಿ ಷರತ್ತುಗಳು ಸಾಮಾನ್ಯವಾಗಿ ಎರಡನೇ ಪುಟದಲ್ಲಿರುತ್ತಿದ್ದವು. ಮಾರಬಾರದು, ಅಡವಿಡಬಾರದು, ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಬಾರದು. ಮೊತ್ತ ಮೊದಲ ಪುಟದಲ್ಲಿರುತ್ತದೆ. ಎಷ್ಟೋ ಸಂಘಗಳವರು ಮೊದಲ ಪುಟವನ್ನಷ್ಟೇ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಹಳ್ಳಿಯವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಪಿಟಿಸಿಎಲ್ ಜಮೀನು ಅಂದರೆ ಕಟ್ಟೆ ಮೇಲೆ ಕೂತ ಯಾರು ಬೇಕಾದರೂ ವಿವರಿಸುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಮುಂಗಡ ಅನುಮತಿ ಇಲ್ಲದೆ ಕೊಂಡರೂ ಮಾರಿದರೂ ಆ ವ್ಯವಹಾರ ಊರ್ಜಿತವಾಗುವುದಿಲ್ಲ, 1978ರ ಕಾಯ್ದೆ ಇದೆ, ಎಂದು ಪಹಣಿ ನೋಡುತ್ತಲೇ ಹೇಳುತ್ತಾರೆ. ಭೂಮಿಯ ವಿಷಯದಲ್ಲಿ ಇಷ್ಟು ತಿಳಿದವರಿಗೆ, ಸರ್ಕಾರದ ದುಡ್ಡಲ್ಲಿ ಕಟ್ಟಿದ ಗೋಡೆಗೂ ಒಂದು ಕಟ್ಟುಪಾಡು ಇರುತ್ತದೆ ಎಂದು ಯಾರೂ ಕೂರಿಸಿಕೊಂಡು ಹೇಳಿಲ್ಲ, ಅಷ್ಟೆ.

ನಾನು ಇದನ್ನು ಕಲಿತದ್ದು ನೋವಿನಿಂದ. ನಾನಿದ್ದ ಶಾಲೆಗೆ ಅನುದಾನದಲ್ಲಿ ವಿಜ್ಞಾನ ಪ್ರಯೋಗಾಲಯ ಆಗಿತ್ತು. ಕಡಪ ಕಲ್ಲು ಹಾಸಿದ ಉದ್ದನೆ ಟೇಬಲ್ಲು, ಸಿಂಕು, ಗಾಜಿನ ಬೀರು ಎಲ್ಲ ಇತ್ತು. ಆಡಳಿತ ಮಂಡಳಿಯವರು ಜಾಗ ಸಾಲದೆಂದು ಆ ಕೋಣೆಯನ್ನು ಸಂಜೆ ಹಣ ಪಡೆದು ನಡೆಸುವ ಟ್ಯೂಷನ್ನಿಗೆ ಕೊಟ್ಟರು. ಟೇಬಲ್ಲಿನ ಮೇಲೆ ಹಲಗೆ ಬಂತು, ಬೀರು ಹಿಂದಿನ ಪಡಸಾಲೆಗೆ ಹೋಯಿತು. ಎರಡು ವರ್ಷ ನಾನು ಸ್ಟಾಕ್ ರಿಜಿಸ್ಟರಿನಲ್ಲಿ 'ಪ್ರಯೋಗಾಲಯ: ಉಪಯೋಗದಲ್ಲಿದೆ' ಎಂದು ಬರೆದು ಹೆಡ್‌ಮೇಷ್ಟ್ರ ಸಹಿಗೆ ಇಟ್ಟೆ. ಸುಳ್ಳೆಂದು ಗೊತ್ತಿದ್ದೂ ಬರೆದೆ. ಮೂರನೇ ವರ್ಷ ಆಡಿಟ್ ಪಾರ್ಟಿ ಬಂದಾಗ ಅವರಲ್ಲೊಬ್ಬರು ಹಿರಿಯರು ಪುಸ್ತಕ ಮುಚ್ಚಿ, 'ನಡೀರಮ್ಮ, ಲ್ಯಾಬ್ ನೋಡೋಣ' ಅಂದರು. ಆ ಇಪ್ಪತ್ತು ಹೆಜ್ಜೆ ನಡೆಯುವಾಗ ಕಾಲು ಸೋತಿತ್ತು. ಅವರು ಸಿಂಕಿನ ನಲ್ಲಿ ತಿರುಗಿಸಿದರು. ನೀರು ಬರಲಿಲ್ಲ, ತುಕ್ಕಿನ ಪುಡಿ ಉದುರಿತು. ಗದರಲಿಲ್ಲ. 'ಈ ಎರಡು ವರ್ಷದ ಹತ್ತನೇ ಕ್ಲಾಸಿನ ಮಕ್ಕಳು ಟೆಸ್ಟ್ ಟ್ಯೂಬ್ ಮುಟ್ಟಿದಾರೇನಮ್ಮ?' ಎಂದು ಕೇಳಿದರು. ನಾನು ಮಾತಾಡಲಿಲ್ಲ.

ಆಕ್ಷೇಪಣೆ ಬಂತು, ಉತ್ತರ ಬರೆದೆವು, ಲ್ಯಾಬ್ ಮತ್ತೆ ಲ್ಯಾಬ್ ಆಯಿತು. ಟ್ಯೂಷನ್ನಿನಿಂದ ಬಂದ ದುಡ್ಡು ಶಾಲೆಯ ಲೆಕ್ಕಕ್ಕೆ ಸೇರಿತು. ಆದರೆ ಆ ಎರಡು ವರ್ಷದ ಮಕ್ಕಳು ಪರೀಕ್ಷೆ ಬರೆದು ಹೊರಟುಹೋಗಿದ್ದರು.

ಹಾಗಾಗಿ, ಬೀಗ ಬಿದ್ದಿದ್ದ ಕೋಣೆ ಬಾಡಿಗೆಗೆ ಕೊಟ್ಟರೆ ತಪ್ಪೇನು ಎಂದು ಕೇಳಿದ ನಮ್ಮೂರಿನವರಿಗೆ ನನ್ನ ಮೊದಲ ಮಾತು: ಹೊಲಿಗೆ ಕಲಿಯಬೇಕಿದ್ದವರ ಜಾಗ ಅದು. ಬಾಡಿಗೆ ದುಡ್ಡು ಭವನದ ಸುಣ್ಣಬಣ್ಣಕ್ಕೆ ಹೋಗಿದ್ದರೂ, ಅದನ್ನು ಕೊಟ್ಟದ್ದು ಆ ಹೆಣ್ಣುಮಕ್ಕಳ ಪಾಲಿನಿಂದ.

ಇಷ್ಟೇ ಹೇಳಿ ನಿಲ್ಲಿಸಿದರೆ ಅನ್ಯಾಯ. ಕೋಣೆಗೆ ಬೀಗ ಯಾಕೆ ಬಿತ್ತು ಎಂಬುದನ್ನೂ ಹೇಳಬೇಕು. ಮೊದಲ ಒಂದೂವರೆ ವರ್ಷ ಕಲಿಕೆ ಚೆನ್ನಾಗಿ ನಡೆಯಿತು. ಆಮೇಲೆ ಕಲಿಸುತ್ತಿದ್ದ ಟೀಚರಿಗೆ ಗೌರವಧನ ನಿಂತಿತು, ಅವರು ಬರುವುದೂ ನಿಂತಿತು. ಅಷ್ಟರಲ್ಲಿ ಗಾರ್ಮೆಂಟ್ಸ್ ಬಸ್ಸು ಬೆಳಿಗ್ಗೆ ಊರ ಬಾಗಿಲಿಗೇ ಬರತೊಡಗಿತು. ಹೊಲಿಗೆ ಕಲಿತಿದ್ದ ಹುಡುಗಿಯರೆಲ್ಲ ಬಸ್ಸು ಹತ್ತಿದರು. ಒಳ್ಳೆಯದೇ ಆಯಿತು. ಆದರೆ ಕೋಣೆ ಖಾಲಿಯಾಯಿತು. ಯಾರ ತಪ್ಪೂ ಇಲ್ಲದೆ ಒಂದು ಆಸ್ತಿಯ ಮೊದಲ ಉದ್ದೇಶ ಹೀಗೆ ಮುಗಿದುಹೋಗುವುದುಂಟು. ಆಗ ಏನು ಮಾಡಬೇಕು? ನಿಯಮ ಹೇಳುವುದು, ಕೇಳಿ ಎಂದು. ಯಾರನ್ನು ಕೇಳಬೇಕು, ಕೇಳಿದರೆ ಎಷ್ಟು ದಿನದಲ್ಲಿ ಉತ್ತರ ಬರುತ್ತದೆ? ನಮ್ಮ ಕಷ್ಟ ಇರುವುದು ಅಲ್ಲಿ.

ನಮ್ಮ ಪಂಚಾಯಿತಿಗೇ ಸೇರಿದ ಪಕ್ಕದ ಪಾಳ್ಯದಲ್ಲಿ ಒಂದು ಶಾಲೆ ಕಟ್ಟಡವಿದೆ. ಮಕ್ಕಳಿಲ್ಲದೆ ಮುಚ್ಚಿದೆ. ಗೋಡೆ ಮೇಲೆ ಪೆನ್ಸಿಲಿನ ಮೇಲೆ ಕೂತ ಹುಡುಗ ಹುಡುಗಿಯ ಚಿತ್ರ, ಅದೇ ಸರ್ವ ಶಿಕ್ಷಣ ಅಭಿಯಾನದ್ದು, ಹುಡುಗಿಯ ಮುಖ ಪಾಚಿ ಹಿಡಿದು ಕಪ್ಪಾಗಿದೆ. ಹೆಂಚು ಗಟ್ಟಿ ಇದೆ, ಕರೆಂಟು ಮೀಟರು ಇದೆ, ಅಂಗಳದಲ್ಲಿ ಹೊಂಗೆ ಮರದ ನೆರಳಿದೆ. ಗಾರ್ಮೆಂಟ್ಸಿಗೆ ಹೋಗಿದ್ದವರಲ್ಲಿ ಕೆಲವರು ಮಕ್ಕಳಾದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಶಾಲೆ ಮಕ್ಕಳ ಸಮವಸ್ತ್ರದ ಬಟ್ಟೆ ಹೊಲಿಸಲು ತಾಯಂದಿರು ಪಾಂಡವಪುರದವರೆಗೆ ಹೋಗುವುದನ್ನು ನೋಡಿ, ಆ ಯಂತ್ರಗಳನ್ನು ಪಾಳ್ಯದ ಶಾಲೆಗೆ ಸಾಗಿಸಿ ಅಲ್ಲೇ ಹೊಲಿಗೆ ಶುರುಮಾಡೋಣ ಎಂದು ಅವರೇ ಯೋಚಿಸಿದರು. ಅರ್ಜಿ ಬರೆದುಕೊಟ್ಟವಳು ನಾನು. ಒಂದು ವರ್ಷ ಎರಡು ತಿಂಗಳಾಯಿತು. ಯಾವ ಕಚೇರಿ ಎಂದು ಬರೆಯುವುದಿಲ್ಲ, ಒಬ್ಬರನ್ನು ದೂರಲು ಈ ಪತ್ರವಲ್ಲ. ಒಂದು ಕಡೆ, ಕಟ್ಟಡ ನಮ್ಮದು, ಆದರೆ ಹಣ ಬಂದದ್ದು ಬೇರೆ ಕಡೆಯಿಂದ, ನಾವು ಹೇಗೆ ಒಪ್ಪಿಗೆ ಕೊಡುವುದು ಅಂದರು. ಇನ್ನೊಂದು ಕಡೆ, ಹಣದ ಯೋಜನೆಯೇ ಮುಗಿದಿದೆ, ಕಟ್ಟಡ ಯಾರ ಸುಪರ್ದಿನಲ್ಲಿದೆಯೋ ಅವರನ್ನು ಕೇಳಿ ಅಂದರು. ಅಭಿಯಾನದ ಹಣದಲ್ಲಿ ಕೇಂದ್ರದ ಪಾಲೂ ಇತ್ತು, ರಾಜ್ಯದ ಪಾಲೂ ಇತ್ತು. 2018ರಲ್ಲಿ ಅದು ಸಮಗ್ರ ಶಿಕ್ಷಣದಲ್ಲಿ ಸೇರಿಹೋಯಿತು. ಹಾಗೆಂದ ಮಾತ್ರಕ್ಕೆ ಗೋಡೆಗೆ ವಾರಸುದಾರರೇ ಇಲ್ಲವೆಂದು ಆಗುತ್ತದೆಯೇ?

ಈಗ ನೋಡಿ. ಕೇಳದೆ ಗೊಬ್ಬರ ತುಂಬಿದವರ ಕೋಣೆ ಬಳಕೆಯಲ್ಲಿದೆ. ಕೇಳಿಕೊಂಡು ಅರ್ಜಿ ಹಿಡಿದು ನಿಂತ ಹೆಣ್ಣುಮಕ್ಕಳ ಶಾಲೆಗೆ ಬೀಗ. ಊರಿನವರು ಇದನ್ನು ನೋಡುತ್ತಿದ್ದಾರೆ. ಮುಂದಿನ ಸಲ ಯಾರಾದರೂ ಅರ್ಜಿ ಬರೆಸಲು ನನ್ನ ಬಳಿ ಬರುತ್ತಾರೆಯೇ?

ನಾನು ಕೇಳುವುದು ನಿಯಮ ಸಡಿಲಿಸಿ ಎಂದಲ್ಲ, ಬಿಗಿಮಾಡಿ ಎಂದೂ ಅಲ್ಲ. ಕೇಳುವುದಕ್ಕೆ ಒಂದು ದಾರಿ ಮಾಡಿಕೊಡಿ ಎಂದು. ಮೈಸೂರಿನಲ್ಲಿರುವ ನನ್ನ ಮಗಳು ವಕೀಲೆ. ಬೇರೆ ದೇಶಗಳಲ್ಲಿ ಹೇಗಿದೆ ನೋಡಿ ಹೇಳು ಎಂದಿದ್ದೆ. ಜಪಾನಿನಲ್ಲಿ 1955ರಷ್ಟು ಹಿಂದೆಯೇ ಕಾನೂನು ಮಾಡಿದ್ದಾರೆ. ಸರ್ಕಾರದ ಸಹಾಯಧನದಿಂದ ಗಳಿಸಿದ ಆಸ್ತಿಯನ್ನು ಸಂಬಂಧಪಟ್ಟ ಮಂತ್ರಿಯ ಒಪ್ಪಿಗೆ ಇಲ್ಲದೆ ಉದ್ದೇಶ ಬದಲಿಸಿ ಬಳಸುವುದು, ಪರಭಾರೆ ಮಾಡುವುದು, ಬಾಡಿಗೆಗೆ ಕೊಡುವುದು, ಅಡವಿಡುವುದು ಯಾವುದೂ ಸಲ್ಲದು ಎಂದು ಅದರ 22ನೇ ಕಲಮು. ಅಲ್ಲೂ ಮಕ್ಕಳ ಸಂಖ್ಯೆ ಇಳಿದು ಊರೂರಲ್ಲಿ ಶಾಲೆಗಳು ಮುಚ್ಚಿದವು. 2008ರಲ್ಲಿ ಅವರು ಒಂದು ತೀರ್ಮಾನ ಮಾಡಿದರು: ಸ್ಥಳೀಯ ಸಂಸ್ಥೆಗಳ ಆಸ್ತಿ ಸುಮಾರು ಹತ್ತು ವರ್ಷ ಬಳಕೆಯಾಗಿದ್ದರೆ, ಉದ್ದೇಶ ಬದಲಿಸುವಾಗ ವರದಿ ಸಲ್ಲಿಸಿದರೆ ಅದನ್ನೇ ಒಪ್ಪಿಗೆಯೆಂದು ಸಾಮಾನ್ಯವಾಗಿ ಭಾವಿಸುವುದು. ಹಣ ಪಡೆದು ಮಾರುವ, ಬಾಡಿಗೆಗೆ ಬಿಡುವ ಸಂದರ್ಭಕ್ಕೆ ಬೇರೆ ಲೆಕ್ಕ. ಅಮೆರಿಕದಲ್ಲಿ ಫೆಡರಲ್ ಅನುದಾನದ ಕಟ್ಟಡ ಮೊದಲಿನ ಕೆಲಸಕ್ಕೆ ಬೇಡವಾದರೆ, ಕೊಟ್ಟ ಇಲಾಖೆಗೆ ಬರೆದು ಕೇಳಬೇಕು. ಸರ್ಕಾರದ ಪಾಲಿನಷ್ಟು ಇವತ್ತಿನ ಬೆಲೆ ಕಟ್ಟಿ ತಾನೇ ಇಟ್ಟುಕೊಳ್ಳುವುದೋ, ಮಾರಿ ಪಾಲು ಒಪ್ಪಿಸುವುದೋ, ಇಲ್ಲ ಅವರು ಹೇಳಿದವರಿಗೆ ವಹಿಸುವುದೋ ಆಗ ತೀರ್ಮಾನವಾಗುತ್ತದೆ. ಎರಡೂ ಕಡೆ ಕೇಳುವುದು ಕಡ್ಡಾಯ. ಕೇಳಿದವರಿಗೆ ಮುಂದಿನ ದಾರಿಯೂ ಬರೆದಿದೆ.

ನಮ್ಮಲ್ಲಿ ಇದಕ್ಕೆ ಹೊಸ ಕಚೇರಿ ಕಟ್ಟಬೇಕಾಗಿಲ್ಲ. ಸರ್ಕಾರಿ ಸೇವೆಗಳಿಗೆ ದಿನದ ಗಡುವು ಕಟ್ಟುವ ಸಕಾಲ ಇದೆ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಜಾತಿ ಪ್ರಮಾಣಪತ್ರ ನಿಗದಿತ ದಿನದಲ್ಲಿ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ಸಿಗುತ್ತದೆ. ದುಡ್ಡು ಸಣ್ಣದು, ಆದರೆ ಆ ಗಡುವಿನ ಭಯಕ್ಕೆ ಕಡತ ಕದಲುತ್ತದೆ, ಇದು ನಾನು ಕಂಡದ್ದು. 'ಅನುದಾನಿತ ಆಸ್ತಿಯ ಬಳಕೆ ಬದಲಾವಣೆಗೆ ಅನುಮತಿ' ಎಂಬುದನ್ನೂ ಸಕಾಲದ ಪಟ್ಟಿಗೆ ಸೇರಿಸಿ, ಅರವತ್ತು ದಿನ ಗಡುವು ಇಡಿ ಎಂಬುದು ನನ್ನ ಮನವಿ. ಒಪ್ಪಿಗೆಯೋ ನಿರಾಕರಣೆಯೋ, ಕಾರಣ ಸಮೇತ ಬರಹದಲ್ಲಿ ಬರಲಿ. ಅರ್ಜಿಯನ್ನು ಒಂದೇ ಕಡೆ ತೆಗೆದುಕೊಳ್ಳಲಿ. ಹಣ ಯಾರದ್ದು, ಕಟ್ಟಡ ಯಾರದ್ದು ಎಂದು ಇಲಾಖೆಗಳು ತಮ್ಮೊಳಗೆ ಕೇಳಿಕೊಳ್ಳಲಿ, ಸೆರಗಿಗೆ ಮಗು ಕಟ್ಟಿಕೊಂಡು ಬಂದ ಹೆಣ್ಣುಮಗಳು ಆ ಪತ್ರ ಹೊತ್ತು ಮಂಡ್ಯಕ್ಕೂ ಪಾಂಡವಪುರಕ್ಕೂ ಅಲೆಯುವುದು ಬೇಡ.

ಇನ್ನೊಂದು, ಗ್ರಾಮಸಭೆ. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯುತ್ತದೆ. ಆ ವರ್ಷದ ಕಾಮಗಾರಿ, ಖರ್ಚು ಓದುತ್ತಾರೆ. ಹಳೆಯ ಆಸ್ತಿಗಳ ಪಟ್ಟಿಯನ್ನೂ ಅಲ್ಲಿ ಗಟ್ಟಿಯಾಗಿ ಓದಲಿ: ಇಂಥ ಭವನ, ಇಂಥ ವರ್ಷ, ಇಂಥ ಹಣ, ಇಂಥದ್ದಕ್ಕೆಂದು ಬಂತು, ಈಗ ಹೀಗೆ ಬಳಕೆಯಾಗುತ್ತಿದೆ. ಸಂಸದರ ನಿಧಿ ಒಂದನ್ನೇ ತೆಗೆದುಕೊಳ್ಳಿ. 1993ರ ಡಿಸೆಂಬರಿನಲ್ಲಿ ಶುರುವಾದದ್ದು, ಈಗ ಒಬ್ಬೊಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ. ಅದರಿಂದ ಆದ ಕಾಮಗಾರಿಗೆ ಫಲಕ ಹಾಕಲೇಬೇಕೆಂಬ ನಿಯಮವಿದೆ. ಫಲಕದಲ್ಲಿ ಹೆಸರುಗಳು ಚೆನ್ನಾಗಿ ಕೆತ್ತಿರುತ್ತವೆ. ಅದರ ಕೆಳಗೆ ಎರಡು ಸಾಲು ಜಾಗ ಮಾಡಿ, ಎಲ್ಲ ಅನುದಾನದ ಕಟ್ಟಡಗಳ ಮೇಲೂ, ಇದು ಯಾವ ಉದ್ದೇಶಕ್ಕೆ, ಬದಲಾಯಿಸಬೇಕಾದರೆ ಯಾರ ಒಪ್ಪಿಗೆ ಬೇಕು ಎಂದು ಕೆತ್ತಿಸಿದರೆ ಎಷ್ಟೋ ಅನುಕೂಲ. ನಮ್ಮ ಭವನದ ಫಲಕದಲ್ಲಿ ಉದ್ಘಾಟಕರ, ಅಧ್ಯಕ್ಷತೆ ವಹಿಸಿದವರ, ಉಪಸ್ಥಿತರ ಹೆಸರೆಲ್ಲ ಇವೆ. ಹೊಲಿಗೆ ಎಂಬ ಪದ ಇಲ್ಲ.

ಕಾಣೆಯಾದ ಐದು ಯಂತ್ರಗಳ ವಿಷಯ ಹೇಳದೆ ಮುಗಿಸುವುದು ಸರಿಯಲ್ಲ. ಅವುಗಳಲ್ಲಿ ಎರಡು ನಮ್ಮೂರಿನ ಮನೆಗಳಲ್ಲೇ ಓಡುತ್ತಿವೆ, ಒಂದರ ಅಂಚಿನಲ್ಲಿ ನಾನು ಬರೆದ 9 ಈಗಲೂ ಕಾಣುತ್ತದೆ. ಹೊಲಿಯುತ್ತಿರುವವಳು ಗಂಡ ತೀರಿಹೋದ ಹುಡುಗಿ, ಅದರಿಂದಲೇ ಎರಡು ಮಕ್ಕಳನ್ನು ಓದಿಸುತ್ತಿದ್ದಾಳೆ. ಅವಳಿಂದ ಕಿತ್ತು ತನ್ನಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಹೊಲಿಗೆಗೆ ಬಂದದ್ದು ಹೊಲಿಗೆಯನ್ನೇ ಮಾಡುತ್ತಿದೆ. ಅದು ಅವಳ ಸುಪರ್ದಿನಲ್ಲಿದೆ ಎಂದು ರಿಜಿಸ್ಟರಿನಲ್ಲಿ ಬರೆದು, ಒಂದು ಒಪ್ಪಿಗೆ ಪತ್ರ ಕೊಟ್ಟರೆ ಅವಳೂ ನೆಮ್ಮದಿಯಾಗಿ ಪೆಡಲು ತುಳಿಯುತ್ತಾಳೆ. ಈಗ ಯಾರಾದರೂ ಅಪರಿಚಿತರು ಬಾಗಿಲಿಗೆ ಬಂದರೆ ಯಂತ್ರದ ಮೇಲೆ ಹಳೇ ಸೀರೆ ಹೊದಿಸುತ್ತಾಳೆ. ಉಳಿದ ಮೂರು ಎಲ್ಲಿವೆಯೋ ತಿಳಿಯಲಿಲ್ಲ.

ಮಂಜೂರಾತಿ ಆದೇಶದ ಪ್ರತಿ ಬೇಕೆಂದು 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೆ. ಮೂವತ್ತು ದಿನದೊಳಗೇ ಉತ್ತರ ಬಂತು: ಕಡತ ಲಭ್ಯವಿಲ್ಲ. ಮೇಲ್ಮನವಿ ಸಲ್ಲಿಸಿದ್ದೇನೆ. ಆದರೆ ಯಂತ್ರಗಳು ಬಂದ ದಿನ ನಾನು ಎರಡು ಪುಸ್ತಕ ಮಾಡಿದ್ದೆ. ಒಂದು ಸಂಘಕ್ಕೆ, ಒಂದು ನನ್ನ ಪೆಟ್ಟಿಗೆಗೆ. ಆದೇಶ ಸಂಖ್ಯೆ, ದಿನಾಂಕ, ಹನ್ನೆರಡು ಯಂತ್ರಗಳ ತಯಾರಿಕಾ ನಂಬರು, ಪಡೆದುಕೊಂಡವರ ಸಹಿ ಎಲ್ಲ ಅದರಲ್ಲಿವೆ. ಮುಂದಿನ ಗ್ರಾಮಸಭೆಗೆ ಆ ಪುಸ್ತಕ ತೆಗೆದುಕೊಂಡು ಹೋಗುತ್ತೇನೆ. ಗೊಬ್ಬರದ ವ್ಯಾಪಾರಿಗೂ ಮೊದಲೇ ತಿಳಿಸಿದ್ದೇನೆ, ಅವರು ಮೂಟೆ ತೆಗೆಯಲು ಒಂದು ತಿಂಗಳು ಕೇಳಿದ್ದಾರೆ. ಪಾಳ್ಯದ ಶಾಲೆಗೆ ಒಪ್ಪಿಗೆ ಬರುವವರೆಗೆ ಏಳು ಯಂತ್ರಗಳನ್ನು ಅದೇ ಕೋಣೆಯಲ್ಲಿ ಒರೆಸಿ, ಎಣ್ಣೆ ಬಿಟ್ಟು, ಕಿಟಕಿ ಪಕ್ಕಕ್ಕೆ ಹಾಕೋಣವೆಂದು ನಾಲ್ಕು ಜನ ಹೆಣ್ಣುಮಕ್ಕಳು ಮುಂದೆ ಬಂದಿದ್ದಾರೆ.

ಊರಿನವರಿಗೆ ಮುಜುಗರವಾಗದಿರಲೆಂದು ನನ್ನ ಹೆಸರು, ಊರಿನ ಹೆಸರು ಪ್ರಕಟಿಸಬೇಡಿ ಎಂದು ಕೋರುತ್ತೇನೆ.

ಇಂತಿ,
ನಿವೃತ್ತ ಪ್ರಥಮ ದರ್ಜೆ ಸಹಾಯಕಿ,
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ